ಒಂದ್ನಿಮಿಷ, ಈಗ ಬರುತ್ತೆ

ಸ್ಲೈಡ್ ನೋಡಿ ನಿದ್ದೆ ಬರುತ್ತದೆ ಎಂದು ಜನ ಗೊಣಗಿದ್ದಕ್ಕೆ ಯಾರೋ ಪುಣ್ಯಾತ್ಮರು ಮದ್ದು ಹೇಳಿದರು: ಚಿತ್ರ ಹಾಕಿ, ವಿಡಿಯೋ ಹಾಕಿ, ಸಭೆ ಎದ್ದು ಕೂರುತ್ತದೆ. ಮಾತು ಸುಳ್ಳಾಗಿಲ್ಲ. ವಿಡಿಯೋ ಸ್ಲೈಡ್ ಬಂದ ಕೂಡಲೇ ಸಭೆ ನಿಜಕ್ಕೂ ಎದ್ದು ಕೂರುತ್ತದೆ, ಅದು ಓಡುವುದಿಲ್ಲವಲ್ಲ, ಆ ಖುಷಿಗೆ. ಪರದೆಯ ನಡುವೆ ಒಂದು ಕಪ್ಪು ಚೌಕ. ಒಮ್ಮೆ ಒತ್ತುತ್ತಾರೆ, ಎರಡನೇ ಸಲ ಒತ್ತುತ್ತಾರೆ, ಮೂರನೆಯದಕ್ಕೆ ಮುಂದಿನ ಸ್ಲೈಡ್‌ಗೆ ಹಾರುತ್ತದೆ. "ಒಂದ್ನಿಮಿಷ, ಈಗ ಬರುತ್ತೆ." ಮುಂದಿನ ಸಾಲಿನ ಮೂವರು ಎದ್ದು ಬಂದು ನಾಡಿ ನೋಡುವವರಂತೆ ಲ್ಯಾಪ್‌ಟಾಪ್ ಸುತ್ತ ನಿಲ್ಲುತ್ತಾರೆ. ಒಬ್ಬರು ವೈರ್ ಅಲ್ಲಾಡಿಸುತ್ತಾರೆ. ವೈರ್ ಅಲ್ಲಾಡಿಸುವವರು ಯಾವ ಸಭೆಗೂ ತಪ್ಪಿಸಿಕೊಂಡವರಲ್ಲ.

ಪಾಪ, ವೈರಿನದೇನೂ ತಪ್ಪಿಲ್ಲ. ವಿಡಿಯೋ ಆ ಕಡತದಲ್ಲಿ ಇಲ್ಲವೇ ಇಲ್ಲ. ಸೇರಿಸುವಾಗ 'ಇನ್ಸರ್ಟ್' ಬಿಟ್ಟು 'ಲಿಂಕ್ ಟು ಫೈಲ್' ಆರಿಸಿದರೆ ಸ್ಲೈಡಿನಲ್ಲಿ ಉಳಿಯುವುದು ವಿಳಾಸ ಮಾತ್ರ. ಪಿಪಿಟಿ ಪೆನ್‌ಡ್ರೈವಿನಲ್ಲಿ ಮೆರವಣಿಗೆ ಬಂದಿದೆ, ವಿಡಿಯೋ ಮನೆಯ ಡೆಸ್ಕ್‌ಟಾಪಿನಲ್ಲಿ ಹಾಯಾಗಿ ಮಲಗಿದೆ. 2010ರ ಆವೃತ್ತಿಗೆ ಮುಂಚೆ ಪವರ್‌ಪಾಯಿಂಟ್ ವಿಡಿಯೋಗೆ ಲಿಂಕನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಒಳಗೇ ಹುದುಗಿಸುವ ಅನುಕೂಲ ಬಂತು. ಅನುಕೂಲ ಬಂತು, ಅಷ್ಟೆ.

ಹುದುಗಿಸಿಯೂ ಓಡದಿದ್ದರೆ ಕೋಡೆಕ್ ನೋಡಿ, ಅಂದರೆ ವಿಡಿಯೋವನ್ನು ಕುಗ್ಗಿಸಿ ಕಟ್ಟಿಟ್ಟ ಬಗೆ. ಎಷ್ಟೋ ಫೋನುಗಳು ವಿಡಿಯೋವನ್ನು ಎಚ್‌ಇವಿಸಿ ಎಂಬ ಬಗೆಯಲ್ಲಿ ಉಳಿಸುತ್ತವೆ. ಅದನ್ನು ಬಿಡಿಸಿ ಓದುವ ತಂತ್ರಾಂಶ ಸಭಾಂಗಣದ ವಿಂಡೋಸ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ದನಿ ಬರಬಹುದು, ಚಿತ್ರ ಬಾರದು. ಕೆಲವರು ಕಡತದ ಹೆಸರಿನ ಕೊನೆಯ ಎಂಒವಿ ಅಳಿಸಿ ಎಂಪಿ4 ಎಂದು ಬರೆದು ನಿರಾಳರಾಗುತ್ತಾರೆ. ಹೆಸರು ಬದಲಿಸಿದರೆ ಜಾತಕ ಬದಲಾಗುತ್ತದೆಯೇ? ಎಚ್.264 ಬಗೆಯ ವಿಡಿಯೋ, ಎಎಸಿ ಬಗೆಯ ಆಡಿಯೋ ಇರುವ ಎಂಪಿ4 ಆಗಿ ಕನ್ವರ್ಟ್ ಮಾಡಬೇಕು.

ಚಿತ್ರ ಬಂತು ಎನ್ನಿ. ಈಗ ದನಿ ಇಲ್ಲ. ಎಚ್‌ಡಿಎಂಐ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಶಬ್ದವನ್ನೂ ಪ್ರೊಜೆಕ್ಟರಿಗೇ ಒಪ್ಪಿಸಿಬಿಡುತ್ತದೆ. ಸೂರಿನಲ್ಲಿ ನೇತಾಡುವ ಆ ಡಬ್ಬಿ ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಟಾಸ್ಕ್‌ಬಾರಿನ ಸ್ಪೀಕರ್ ಗುರುತು ಒತ್ತಿ ಔಟ್‌ಪುಟ್ ಬದಲಿಸಿದರೆ ಮುಗಿಯಿತು, ಎರಡು ಮೂರು ಕ್ಲಿಕ್ಕಿನ ಕೆಲಸ. ಬದಲಿಗೆ ಒಬ್ಬರು ಮೈಕ್ ತಂದು ಲ್ಯಾಪ್‌ಟಾಪಿನ ಬಾಯಿಗೆ ಹಿಡಿಯುತ್ತಾರೆ. ಅದು ಕಿರ್‍ರೆಂದು ಚೀರುತ್ತದೆ. ಮಲಗಿದ್ದವರೂ ಎದ್ದರು. ಆಕರ್ಷಣೆ ಎಂದರೆ ಇದೇ ಇರಬೇಕು.

ಇನ್ನು ಚಿತ್ರಗಳು. ತಂಡ ಎಂದರೆ ಒಂದರ ಮೇಲೊಂದು ಕೈ, ಗುರಿ ಎಂದರೆ ಬಾಣ, ಐಡಿಯಾ ಎಂದರೆ ಬಲ್ಬು. ಲೋಕವೆಲ್ಲ ಎಲ್‌ಇಡಿಗೆ ಹೋದರೂ ಸ್ಲೈಡಿನ ಮೇಧಾವಿಗಳ ತಲೆಯಲ್ಲಿ ಇಂದಿಗೂ ತಂತಿ ಬಲ್ಬೇ ಉರಿಯುವುದು. ಮೈಕ್ರೋಸಾಫ್ಟ್ ತನ್ನ ಕ್ಲಿಪ್‌ಆರ್ಟ್ ಸಂಗ್ರಹವನ್ನು 2014ರಲ್ಲೇ ಮುಚ್ಚಿತು, ಆದರೆ ಅದರ ಪ್ರೇತಗಳಿಗೆ ಇನ್ನೂ ಮುಕ್ತಿ ಸಿಕ್ಕಿಲ್ಲ. ಹುಡುಕಾಟದ ಪುಟದಿಂದ ಎತ್ತಿದ 300 ಪಿಕ್ಸೆಲ್ ಅಗಲದ ಪುಟಾಣಿ ಚಿತ್ರವನ್ನು 1920 ಪಿಕ್ಸೆಲ್ ಅಗಲದ ಪರದೆಗೆ ಹಿಗ್ಗಿಸುತ್ತಾರೆ. ಒಂದು ಚುಕ್ಕಿ ನಲವತ್ತು ಚುಕ್ಕಿಗಳ ದುಡಿಮೆ ಮಾಡಬೇಕು, ಮುಖವೆಲ್ಲ ಸಿಮೆಂಟ್ ಇಟ್ಟಿಗೆಯಾಗದೆ ಏನಾದೀತು? ಮೂಲೆ ಹಿಡಿದು ಎಳೆಯುವುದು ಬಿಟ್ಟು ಪಕ್ಕೆ ಹಿಡಿದು ಎಳೆದಿದ್ದರೆ ಆ ಮುಖ ಕುಂಬಳಕಾಯಿಯೂ ಆಗಿರುತ್ತದೆ. ಮೇಲೆ ಅಡ್ಡಡ್ಡ ವಾಟರ್‌ಮಾರ್ಕ್, ಕಳ್ಳಮಾಲಿಗೆ ರಸೀದಿ ಅಂಟಿಸಿದ ಹಾಗೆ.

ಕ್ರಾಪ್ ಮಾಡುವವರ ಕಥೆ ಇನ್ನೂ ಸೊಗಸು. ಗುಂಪು ಫೋಟೋದಲ್ಲಿ ಆಗದವರೊಬ್ಬರನ್ನು ಅಂಚಿಗೆ ಕತ್ತರಿಸಿ, ಪೀಡೆ ತೊಲಗಿತು ಎಂದು ಕಡತವನ್ನು ಹತ್ತು ಜನಕ್ಕೆ ಕಳಿಸುತ್ತಾರೆ. ಪಿಪಿಟಿಎಕ್ಸ್ ಎಂಬ ಈ ಸ್ಲೈಡ್ ಕಡತ ಅಸಲಿಗೆ ಹಲವು ಕಡತಗಳನ್ನು ಒಟ್ಟಿಗೆ ಕಟ್ಟಿದ ಜಿಪ್ ಗಂಟು. ಅದರದೊಂದು ನಕಲು ಮಾಡಿ, ನಕಲಿನ ಹೆಸರಿನ ಕೊನೆಗೆ ಜಿಪ್ ಎಂದು ಬರೆದು ಬಿಚ್ಚಿ, 'ಪಿಪಿಟಿ' ಫೋಲ್ಡರಿನೊಳಗಿನ 'ಮೀಡಿಯಾ' ನೋಡಿದರೆ ತೊಲಗಿದ ಪೀಡೆ ಹಲ್ಲು ಕಿರಿಯುತ್ತಾ ನಿಂತಿರುತ್ತದೆ. ಕ್ರಾಪ್ ಎಂದರೆ ಪರದೆ ಎಳೆಯುವುದು, ಅಳಿಸುವುದಲ್ಲ. ಅಳಿಸಲು 'ಕಂಪ್ರೆಸ್ ಪಿಕ್ಚರ್ಸ್'ಗೆ ಹೋಗಿ, ಕ್ರಾಪ್ ಮಾಡಿದ ಭಾಗ ತೆಗೆದುಹಾಕುವ ಆಯ್ಕೆಗೆ ಟಿಕ್ ಹಾಕಿ ಸೇವ್ ಮಾಡಬೇಕು. ಗುರುತಿನ ಚೀಟಿಯ ನಂಬರು, ಇನ್ಯಾರದೋ ಸಂಬಳದ ಪಟ್ಟಿ, ಎಲ್ಲವನ್ನೂ ಜನ ಹೀಗೇ 'ಮುಚ್ಚಿ' ಹಂಚುತ್ತಾರೆ.

ನಗು ಸಾಕು. 60 ಜನ ಕೂತಿರುವಲ್ಲಿ 10 ನಿಮಿಷ ಹೋದರೆ 600 ನಿಮಿಷ ಹೋಯಿತು, 10 ಗಂಟೆ. ಮೊದಲೇ ಬಂದು, ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಪ್ರೊಜೆಕ್ಟರಿನಲ್ಲಿ ಎಫ್5 ಒತ್ತಿ ವಿಡಿಯೋವನ್ನು ಒಮ್ಮೆ ಓಡಿಸಿ ನೋಡಲು ಎಷ್ಟು ಹೊತ್ತು ಬೇಕು? ನೋಡುವುದಿಲ್ಲ. ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ. ಅದರ ಜೊತೆ ಹುಟ್ಟಿದ ಮಕ್ಕಳೇ ಈಗ ಅದೇ ಕಪ್ಪು ಚೌಕದ ಮುಂದೆ ನಿಂತು "ಒಂದ್ನಿಮಿಷ" ಎನ್ನುತ್ತಿದ್ದಾರೆ. ಅಷ್ಟಕ್ಕೂ ಆ ನಾಲ್ಕು ನಿಮಿಷದ ವಿಡಿಯೋದಲ್ಲಿ ಬೇಕಾದದ್ದು 20 ಸೆಕೆಂಡು. ಉಳಿದದ್ದು ತಿರುಗುವ ಲೋಗೋ. 'ಪ್ಲೇಬ್ಯಾಕ್' ಟ್ಯಾಬಿನಲ್ಲಿ 'ಟ್ರಿಮ್ ವಿಡಿಯೋ' ಎಂದೇ ಒಂದು ಗುಂಡಿ ಇದೆ, ಮುಟ್ಟಿದವರಿಲ್ಲ.

ಕೊನೆಯ ಸ್ಲೈಡಿನ 'ಥ್ಯಾಂಕ್ ಯೂ' ಜಿಫ್ ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ಗುಲಾಬಿ ಅರಳುತ್ತದೆ, ಮುದುಡುತ್ತದೆ, ಮತ್ತೆ ಅರಳುತ್ತದೆ, ಪ್ರಶ್ನೋತ್ತರ ಮುಗಿದು ಯಾರಾದರೂ ವೈರ್ ಕೀಳುವವರೆಗೂ.