ಸುಮಾರು ಈ ಜಾಗದಲ್ಲಿ

ನಮ್ಮ ಬೀದಿಯ ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತಂದರೆ ಒಂದು ಎಚ್ಚರ ಇಟ್ಟುಕೊಳ್ಳಬೇಕಿತ್ತು. ಅಪ್ಪಿತಪ್ಪಿಯೂ ಪುಟದ ಅಂಚು ನೋಡಬಾರದು. ಯಾರೋ ಪುಣ್ಯಾತ್ಮ ಮೂರನೇ ಪುಟದಲ್ಲೇ ಪೆನ್ಸಿಲ್ಲಿನಲ್ಲಿ 'ಕೊಲೆ ಮಾಡಿದ್ದು ಡಾಕ್ಟರು' ಎಂದು ಗೀಚಿರುತ್ತಿದ್ದ. ಬಾಡಿಗೆ ದುಡ್ಡೂ ಹೋಯಿತು, ರಾತ್ರಿಯ ಸುಖವೂ ಹೋಯಿತು. ಆ ಪುಣ್ಯಾತ್ಮ ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಅವನು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಲ್ಲೇ ನೆಲೆಸಿರಬೇಕು ಎಂಬ ಅನುಮಾನ ನನಗೆ ಈಚೆಗೆ ಬಂದಿದೆ.

ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಎಲ್ಲರ ಹಾಗೆ ಗೋಲ್ಡನ್ ಗೇಟ್ ನೋಡಿದ್ದಾಯಿತು, ಫೋಟೋ ಕಳಿಸಿದ್ದಾಯಿತು. ನನಗೆ ಮಾತ್ರ ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಡ್ಯಾಶಿಯಲ್ ಹ್ಯಾಮೆಟ್ ಓಡಾಡಿದ ಬೀದಿಗಳನ್ನು ನೋಡುವ ಚಪಲ. ಆ ಊರಿನಲ್ಲಿ ಡಾನ್ ಹೆರನ್ ಅನ್ನುವವರು 1977ರಲ್ಲೇ ಹ್ಯಾಮೆಟ್ ನಡಿಗೆ ಶುರು ಮಾಡಿದರು. ಉದ್ದ ಕೋಟು, ಹ್ಯಾಟು ಹಾಕಿಕೊಂಡು ಜನರನ್ನು ಗುಡ್ಡ ಹತ್ತಿಸಿ ಇಳಿಸುತ್ತಾರೆ. ಸುಮಾರು ಮೂರು ಮೈಲಿಗೆ ನಾಲ್ಕು ಗಂಟೆ. ಅಂದರೆ ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ, ನನ್ನ ಮಂಡಿಗೆ ಹೇಳಿ ಮಾಡಿಸಿದ ಲೆಕ್ಕ. ನಮ್ಮ ದಿನಕ್ಕೆ ಅವರ ನಡಿಗೆ ಹೊಂದಲಿಲ್ಲ. ಅವರೇ ಬರೆದ ಕೈಪಿಡಿ ಹಿಡಿದು ನಾವಿಬ್ಬರೇ ಹೊರಟೆವು.

"ಹಾರ್ಡ್ ಬಾಯಿಲ್ಡ್ ಅಂದ್ರೆ ಮೊಟ್ಟೆ ಅಲ್ವೇನ್ರೀ?" ಅಂದಳು ಸರೋಜ, ರೈಲಿನಲ್ಲಿ. ಅಲ್ಲ, ಹ್ಯಾಮೆಟ್ ಬರೆಯುತ್ತಿದ್ದ ಕತೆಯ ಜಾತಿ ಅದು ಅಂದೆ. ಬಂಗಲೆಯ ಕೋಣೆಯಲ್ಲಿ ಕೂತು ಯೋಚನೆ ಮಾಡುವ ಪತ್ತೇದಾರನಲ್ಲ, ಬೀದಿಯಲ್ಲಿ ಅಲೆದು, ಏಟು ತಿಂದು, ಬಾಡಿಗೆಗೆ ಕೆಲಸ ಮಾಡುವವನು. ಕಣ್ಣೀರಿಗೆಲ್ಲ ಕರಗುವ ಆಸಾಮಿಯಲ್ಲ. "ಹಾಗಾದ್ರೆ ಮೊಟ್ಟೆನೇ" ಅಂದು ಅವಳು ಪುಸ್ತಕಕ್ಕೆ ತಲೆ ಹಾಕಿದಳು. ಓದುತ್ತಿದ್ದದ್ದು ಹ್ಯಾಮೆಟ್ಟನದೇ ಕಾದಂಬರಿ, 'ದಿ ಮಾಲ್ಟೀಸ್ ಫಾಲ್ಕನ್'. ಅರ್ಧದಲ್ಲಿದ್ದಳು. ಇದು ಮುಂದೆ ತೊಂದರೆ ಕೊಡುತ್ತದೆ ಅಂತ ನನಗೆ ಆಗ ಹೊಳೆಯಲಿಲ್ಲ.

ಮಾರ್ಕೆಟ್ ಸ್ಟ್ರೀಟಿನ ಫ್ಲಡ್ ಬಿಲ್ಡಿಂಗಿನಿಂದ ಶುರು ಮಾಡಿದೆವು. 1906ರ ಭೂಕಂಪಕ್ಕೂ ಬೀಳದ ಕಟ್ಟಡ. ಪಿಂಕರ್ಟನ್ ಪತ್ತೇದಾರಿ ಕಂಪನಿಯ ಆಫೀಸು ಇದರಲ್ಲೇ ಇತ್ತು. 1921ರಲ್ಲಿ ಈ ಊರಿಗೆ ಬಂದ ಹ್ಯಾಮೆಟ್ ಆ ಕಂಪನಿಗೆ ಕೆಲಸ ಮಾಡುತ್ತಿದ್ದ. ಪತ್ತೇದಾರಿ ಬರೆಯುವವರು ಎಷ್ಟೋ ಜನ, ಪತ್ತೇದಾರನಾಗಿದ್ದು ಬರೆದವರು ಬೆರಳೆಣಿಕೆ. ಆದರೆ ಮೈ ಕೇಳಲಿಲ್ಲ. ಸೈನ್ಯದಲ್ಲಿದ್ದಾಗ ಅಂಟಿದ ಕ್ಷಯ ಬಿಡಲಿಲ್ಲ. ಪತ್ತೇದಾರಿಕೆ ಬಿಟ್ಟ. ಹೈಸ್ಕೂಲೂ ಮುಗಿಸದವನು ಸಾರ್ವಜನಿಕ ಲೈಬ್ರರಿಯಲ್ಲಿ ಕೂತು ಓದಿದ, ಅಗ್ಗದ ಪತ್ರಿಕೆಗಳಿಗೆ ಕತೆ ಬರೆದ. 1926ರಲ್ಲಿ ಒಂದು ಒಡವೆ ಅಂಗಡಿಗೆ ಜಾಹೀರಾತು ಬರೆಯುವ ಕೆಲಸ ಸಿಕ್ಕಿತು. ಕೆಲವೇ ತಿಂಗಳಲ್ಲಿ ರಕ್ತ ಕಾರಿಕೊಂಡು ಆಫೀಸಿನಲ್ಲೇ ಬಿದ್ದ. ಮನೆಯಲ್ಲಿ ಚಿಕ್ಕ ಹೆಣ್ಣುಮಕ್ಕಳು, ಸೋಂಕು ತಗುಲೀತು ಎಂದು ಬೇರೆ ಇರಬೇಕಾಯಿತು. ಹಾಗೆ ಒಬ್ಬನೇ ಬಂದು ಸೇರಿದ್ದು 891 ಪೋಸ್ಟ್ ಸ್ಟ್ರೀಟ್.

ಹೈಡ್ ಸ್ಟ್ರೀಟಿನ ಮೂಲೆಯಲ್ಲಿರುವ ಆ ಕಟ್ಟಡ ತಲುಪುವ ಹೊತ್ತಿಗೆ ನಾನು ಏದುಸಿರು ಬಿಡುತ್ತಿದ್ದೆ. ನನ್ನ ಶ್ವಾಸಕೋಶ ಸರಿಯಾಗೇ ಇದೆ. ಒಂದು ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯ ಈ ಏರಿನಲ್ಲಿ ದಿನಾ ಹೇಗೆ ಓಡಾಡಿದ ಅಂತ ಮೇಲಿನ ಮಹಡಿಯ ಕಿಟಕಿ ನೋಡುತ್ತಾ ನಿಂತೆ. ಮಾಲ್ಟೀಸ್ ಫಾಲ್ಕನ್ ಬರೆದದ್ದು ಅಲ್ಲೇ. ಕತೆಯ ಪತ್ತೇದಾರ ಸ್ಯಾಮ್ ಸ್ಪೇಡನಿಗೂ ಅದೇ ಮನೆ ಕೊಟ್ಟಿದ್ದಾನೆ. ಗೋಡೆಯೊಳಕ್ಕೆ ಮಡಚುವ ಮಂಚ, ಕತ್ತಲಲ್ಲಿ ಹೊಡೆದುಕೊಳ್ಳುವ ಫೋನು, ಎರಡು ಗಂಟೆ ಐದು ನಿಮಿಷ ತೋರಿಸುವ ಗಡಿಯಾರ. ಸುದ್ದಿ ಏನೆಂದರೆ, ಸ್ಪೇಡನ ಪಾಲುದಾರ ಮೈಲ್ಸ್ ಆರ್ಚರ್ ಕೊಲೆಯಾಗಿದ್ದಾನೆ. ಸ್ಪೇಡ್ ಅಳುವುದಿಲ್ಲ. ತಂಬಾಕು ಉದುರಿಸಿ, ಕಾಗದ ಸುತ್ತಿ, ನಾಲಿಗೆಯಲ್ಲಿ ಅಂಚು ಒದ್ದೆ ಮಾಡಿ ಸಿಗರೇಟು ಹಚ್ಚುತ್ತಾನೆ. ಅವನ ಮನಸ್ಸಿನಲ್ಲಿ ಏನಿದೆ ಅಂತ ಹ್ಯಾಮೆಟ್ ಒಂದು ಸಾಲೂ ಹೇಳುವುದಿಲ್ಲ, ಬೆರಳುಗಳನ್ನಷ್ಟೇ ತೋರಿಸುತ್ತಾನೆ. ಬೀದಿಯ ಹೆಸರುಗಳನ್ನು ಮಾತ್ರ ತಪ್ಪದೆ ಹೇಳುತ್ತಾನೆ. ಅದಕ್ಕೇ ನಮ್ಮಂಥವರು ಹೀಗೆ ಅಲೆಯುವುದು.

ಅಲ್ಲಿಂದ ಬುಷ್ ಸ್ಟ್ರೀಟಿಗೆ. ಸ್ಟಾಕ್ಟನ್ ಸುರಂಗದ ನೆತ್ತಿಯ ಮೇಲೆ ಹಾದುಹೋಗುವ ರಸ್ತೆ ಅದು. ಪಕ್ಕದಲ್ಲಿ ಬರಿಟ್ ಸ್ಟ್ರೀಟ್ ಅಂತ ಒಂದು ಮೊಂಡು ಸಂದಿ. ಕಸದ ಡಬ್ಬ ಇಡಲು ಮಾಡಿದ ಹಾಗಿದೆ. ಆರ್ಚರ್ ಗುಂಡು ತಿಂದು ಬೇಲಿ ಮುರಿದು ಇಳಿಜಾರಿನಲ್ಲಿ ಉರುಳಿದ್ದು ಇಲ್ಲೇ. ಗೋಡೆಗೆ ಒಂದು ಕಂಚಿನ ಫಲಕ ಬಡಿದಿದ್ದಾರೆ. 'ಸುಮಾರು ಈ ಜಾಗದಲ್ಲಿ, ಸ್ಯಾಮ್ ಸ್ಪೇಡನ ಪಾಲುದಾರ ಮೈಲ್ಸ್ ಆರ್ಚರನನ್ನು ಮುಗಿಸಿದವರು...' ಮುಂದಿನ ಸಾಲಿನಲ್ಲಿ ಕೊಲೆಗಾರರ ಪೂರ್ತಿ ಹೆಸರು!

ನನಗೆ ಮೊದಲು ಇಷ್ಟವಾದದ್ದು ಆ 'ಸುಮಾರು'. ನಡೆದೇ ಇಲ್ಲದ ಕೊಲೆ. ಆದರೂ ಎರಡಡಿ ಆಚೀಚೆ ಆಗಿ ಯಾರಾದರೂ ತಕರಾರು ತೆಗೆದಾರು ಅಂತ ಭಯ. ನಮ್ಮ ಸರ್ವೆಯವರಿಗೂ ಇಷ್ಟು ಪಾಪಭೀತಿ ಇಲ್ಲ. ಆಮೇಲೆ ಹೊಳೆದದ್ದು ನಮ್ಮ ಲೈಬ್ರರಿಯ ಪುಣ್ಯಾತ್ಮ. ಪೆನ್ಸಿಲ್ ಆದರೆ ರಬ್ಬರಿನಲ್ಲಿ ಉಜ್ಜಬಹುದು. ಕಂಚಿಗೆ ಏನು ಮಾಡುವುದು?

ಹಿಂದೆ ಸರೋಜಳ ಚಪ್ಪಲಿ ಸದ್ದು ಕೇಳಿತು. ಗಬಕ್ಕನೆ ತಿರುಗಿ ಫಲಕಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟೆ.

"ಸರ್ಕೊಳ್ರೀ, ಓದ್ಬೇಕು."

"ಏನೂ ಇಲ್ಲ, ಸುಮ್ನೆ ಏನೋ ಬರೆದಿದಾರೆ."

"ಏನೂ ಇಲ್ದೇ ಇರೋದಕ್ಕಾ ರೈಲು ಹತ್ತಿಸಿ ಕರ್ಕೊಂಡು ಬಂದ್ರಿ?"

ನಾಯಿ ಹಿಡಿದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ನೋಡಿದ. ನಾನು ಎದುರಿಗೆ ಕೈ ತೋರಿಸಿ, ಅಗೋ ಆ ಗಲ್ಲಿಗೆ ಹ್ಯಾಮೆಟ್ಟನ ಹೆಸರೇ ಇಟ್ಟಿದಾರೆ, ಮೊದಲು ಮನ್ರೋ ಸ್ಟ್ರೀಟ್ ಅಂತಿತ್ತು, 1988ರಲ್ಲಿ ಬದಲಾಯಿಸಿದರು, ಅಲ್ಲೂ ಸ್ವಲ್ಪ ದಿನ ಇದ್ದ, ಎಂದು ಗೈಡಿನ ಹಾಗೆ ಬಡಬಡಿಸುತ್ತಾ ಅವಳನ್ನು ರಸ್ತೆ ದಾಟಿಸಿದೆ. ಆ ಗಲ್ಲಿಯಲ್ಲಿ ನೋಡುವುದೇನೂ ಇಲ್ಲ. ಹೆಸರಿನ ಬೋರ್ಡು, ನಾಲ್ಕು ಕಾರು.

ಊಟಕ್ಕೆ ಎಲ್ಲಿಸ್ ಸ್ಟ್ರೀಟಿನ ಜಾನ್ಸ್ ಗ್ರಿಲ್. 1908ರ ಹೋಟೆಲು. ಸ್ಪೇಡ್ ಅವಸರದಲ್ಲಿ ಬಂದು ಕುರಿ ಚಾಪ್ಸ್, ಬೇಯಿಸಿದ ಆಲೂಗಡ್ಡೆ, ಹೆಚ್ಚಿದ ಟೊಮ್ಯಾಟೊ ತಿಂದು ಹೋಗುವುದು ಇಲ್ಲೇ. ಈಗಲೂ ಅವನ ಹೆಸರಿನಲ್ಲಿ ಆ ತಟ್ಟೆ ಕೊಡುತ್ತಾರೆ. ಮೂರರಲ್ಲಿ ಎರಡು ನಮ್ಮ ಕಡೆಯವೇ ಅಲ್ವಾ, ಅವೆರಡೇ ಸಾಕು ಅಂದೆ. ಮಾಣಿ ಒಂದು ಕ್ಷಣ ನನ್ನ ಮುಖ ನೋಡಿ ಬರೆದುಕೊಂಡ.

ಕೂತ ಮೇಲೆ ನನ್ನ ಸಾಹಸ ಹೇಳಿಕೊಳ್ಳದೆ ಇರಲಾಗಲಿಲ್ಲ. ಆ ಫಲಕದಲ್ಲಿ ಕೊಂದವರ ಹೆಸರಿತ್ತು, ನಿನ್ನ ಪುಸ್ತಕ ಕೆಡಬಾರದು ಅಂತ ಅಡ್ಡ ನಿಂತೆ, ಅಂದೆ.

"ಅಯ್ಯೋ, ಅದು ನಂಗೆ ಮೊನ್ನೆನೇ ಗೊತ್ತು ಬಿಡ್ರೀ" ಅಂದಳು ಸರೋಜ. "ನಾನು ಯಾವಾಗ್ಲೂ ಕೊನೇ ಪುಟ ಓದ್ಕೊಂಡೇ ಶುರು ಮಾಡೋದು. ಇಲ್ದಿದ್ರೆ ಟೆನ್ಷನ್. ಆಲೂಗಡ್ಡೆ ಆರ್ತಾ ಇದೆ, ತಿನ್ನಿ."