ಯಂತ್ರದ ಜೊತೆ ಆಪರೇಟರ್ ಕೂಡ ಬೇಕು

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಲ್ಲ ವಿಭಾಗಗಳಿಗೂ ಸೇರಿ ಒಂದು ಇಮೇಜಿಂಗ್ ಕೇಂದ್ರ (ಮೈಕ್ರೋಸ್ಕೋಪ್‌ನಲ್ಲಿ ಕೋಶಗಳ ಚಿತ್ರ ತೆಗೆಯುವ ಜಾಗ) ಬೇಕು ಅಂತ ಬರೆದಿದ್ದೀರಿ. ಪೂರ್ತಿ ಒಪ್ಪುತ್ತೇನೆ. ಕೋಶ ಕೆಡದಂತೆ ರಾಸಾಯನಿಕ ಹಾಕಿ ಫಿಕ್ಸ್ ಮಾಡಿದ ಸ್ಲೈಡ್ ಆದರೆ ಹೇಗೋ ಬೆಂಗಳೂರಿಗೆ ಒಯ್ಯಬಹುದು. ಜೀವಂತ ಕೋಶಗಳನ್ನು ಹಾಗೆ ಬಸ್ಸಿನಲ್ಲಿ ಒಯ್ಯಲು ಆಗಲ್ಲ. ಮನುಷ್ಯರ ಕೋಶಗಳಾದರೆ ಅವಕ್ಕೆ ಸಾಮಾನ್ಯವಾಗಿ 37 ಡಿಗ್ರಿ ಶಾಖ, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್ ಬೇಕು. ಔಷಧಿ ಹಾಕಿದ ಮೇಲೆ ಕೋಶ ಹೇಗೆ ಬದಲಾಗುತ್ತದೆ ಅಂತ ಗಂಟೆಗಟ್ಟಲೆ ನೋಡಬೇಕಾದರೆ ಕಾನ್‌ಫೋಕಲ್ ಮೈಕ್ರೋಸ್ಕೋಪ್ (ಲೇಸರ್ ಬೆಳಕಿನಿಂದ ಕೋಶದ ಪದರ ಪದರದ ಚಿತ್ರ ತೆಗೆಯುವ ಯಂತ್ರ) ಲ್ಯಾಬ್ ಪಕ್ಕದಲ್ಲೇ ಇರಬೇಕು.

ಆದರೆ ದಯವಿಟ್ಟು ಯಂತ್ರ ಕೊಳ್ಳುವುದಕ್ಕಷ್ಟೇ ದುಡ್ಡು ಕೇಳಬೇಡಿ. ಮೊದಲು ಖಾಯಂ ಆಪರೇಟರ್ ಹುದ್ದೆ ಮಂಜೂರಾಗಲಿ. ಲೇಸರ್ ಜಾಸ್ತಿ ಕೊಟ್ಟರೆ ಕೋಶಕ್ಕೆ ಹಾಕಿದ ಹೊಳೆಯುವ ಬಣ್ಣ ಮಾಸುತ್ತದೆ, ಕೋಶವೂ ಸಾಯಬಹುದು. ಬೆಳಕು ಹಿಡಿಯುವ ಡಿಟೆಕ್ಟರ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ತೀರಾ ಏರಿಸಿದರೆ ಇಲ್ಲದ ಹೊಳಪೂ ಕಾಣುತ್ತದೆ. ಹೇಳಿಕೊಡುವವರಿಲ್ಲದೆ ತೆಗೆದ ಚಿತ್ರವನ್ನು ನಂಬುವುದು ಹೇಗೆ? ವಾರ್ಷಿಕ ನಿರ್ವಹಣೆ ಒಪ್ಪಂದ, ಯುಪಿಎಸ್, ಫೈಲ್ ಇಡಲು ಸರ್ವರ್, ಇವೂ ಮೊದಲ ಬಜೆಟ್‌ನಲ್ಲೇ ಬರಲಿ.

ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೇ ಊರಲ್ಲಿದೆ, ಮೆಡಿಕಲ್ ಕಾಲೇಜುಗಳೂ ಇವೆ. ಬುಕಿಂಗ್ ಅವರಿಗೂ ತೆರೆದಿರಲಿ. ದೇಶದ ಸಂಶೋಧನಾ ಉಪಕರಣಗಳನ್ನು ಹಂಚಿಕೊಳ್ಳುವ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹಾಕಿದರೆ ಮಂಡ್ಯದ ಕಾಲೇಜಿನವರೂ ಸ್ಲಾಟ್ ಕೇಳಬಹುದು, ಅಲ್ವಾ? ಸಂಶೋಧನಾ ವಿದ್ಯಾರ್ಥಿಗಳ ಶುಲ್ಕ ಮಾತ್ರ ಕಡಿಮೆ ಇರಲೇಬೇಕು. ಫೆಲೋಶಿಪ್ ತಡವಾಗಿ ಬರುವಾಗ ಗಂಟೆಗಿಷ್ಟು ಅಂತ ಕೈಯಿಂದ ಕಟ್ಟಲು ಅವರಿಗೆ ಸಾಧ್ಯವಿಲ್ಲ.