ಶಾರ್ಡನೇ ಅವ್ವನ ಹೆಸರು ಗೊತ್ತಾ?

ಮೊನ್ನೆ ಪರಿಚಯದೋರ ಮನೇಲಿ ಊಟ, ಅಲ್ಲೊಬ್ರು ಫ್ರಾನ್ಸಿನ ಬರ್ಗಂಡಿ ಸೀಮೆಯ ಶಾರ್ಡನೇ, ಅಂದ್ರೆ ಅದೇ ಹೆಸರಿನ ಬಿಳಿ ದ್ರಾಕ್ಷಿಯಿಂದ ಮಾಡೋ ವೈನ್, ಅದರ ಬಾಟ್ಲಿ ಹಿಡ್ಕೊಂಡು ಹತ್ತು ನಿಮಿಷ ಅದರ ಕುಲಗೋತ್ರ ಹೇಳಿದ್ರು, ಇದು ರಾಯಲ್ ದ್ರಾಕ್ಷಿ ಕಣ್ರೀ, ಇದರ ರಕ್ತವೇ ಬೇರೆ ಅಂತೆಲ್ಲ. ನಾನು ವೈನ್ ಕುಡಿಯೋದು ವರ್ಷಕ್ಕೆ ಮೂರೋ ನಾಲ್ಕೋ ಸಲ, ಆದ್ರೆ ಗಿಡಗಳ ಕಥೆ ಓದೋ ಚಟ ಇದೆ, ಬಾಯಿ ಸುಮ್ನಿರಲಿಲ್ಲ, ಸಾರ್ ಇದರ ತಾಯಿ ಯಾರು ಗೊತ್ತಾ ಅಂದ್ಬಿಟ್ಟೆ. ಗೊತ್ತಿರ್ಲಿಲ್ಲ. ಪಲ್ಯ ತಣ್ಣಗಾಗೋವರೆಗೂ ಹೇಳಿದೆ, ಆದ್ರೂ ಮುಗೀಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಆ ತಾಯಿ ಗುವೇ ಬ್ಲಾಂ. ಬಿಳಿ ದ್ರಾಕ್ಷಿ. ಮಧ್ಯಯುಗದಲ್ಲಿ ಫ್ರಾನ್ಸಿನ ಈಶಾನ್ಯ ಭಾಗದಲ್ಲಿ ಎಲ್ಲೆಲ್ಲೂ ಇತ್ತು. ಒಳ್ಳೇ ಇಳಿಜಾರು ಜಮೀನು ಸಾಹುಕಾರರ ಪೀನೋ ಅನ್ನೋ ಕಪ್ಪು ದ್ರಾಕ್ಷಿ ಬಳ್ಳಿಗೆ, ಕೆಳಗಿನ ಉಳಿದ ನೆಲ ರೈತರ ಗುವೇಗೆ. ಗೊಂಚಲು ಬೇಕಾದಷ್ಟು ಬಿಡೋದು, ವೈನ್ ಮಾತ್ರ ಹುಳಿಹುಳಿ, ನೀರುನೀರು. ಹೆಸರು ಕೂಡ ಬೈಗುಳವೇ, ಹಳೇ ಫ್ರೆಂಚ್‌ನಲ್ಲಿ 'ಗೂ' ಅಂದ್ರೆ ತಾತ್ಸಾರದ ಮಾತಂತೆ. ಜರ್ಮನ್ ಸೀಮೆಲಿ ಇದೇ ದ್ರಾಕ್ಷಿಗೆ ಹೊಯ್ನಿಶ್ ಅಂತಾರೆ, ಆ ಕಾಲದಲ್ಲಿ ಅಲ್ಲಿ ಮೇಲ್ದರ್ಜೆ ದ್ರಾಕ್ಷಿ ಎಲ್ಲಾ ಫ್ರೆಂಕಿಶ್, ಕೀಳು ಅನ್ಸಿದ್ದೆಲ್ಲ ಹೊಯ್ನಿಶ್. ಬಳ್ಳಿಗೂ ಜಾತಿ ಕಟ್ಟಿದಾರೆ ನೋಡಿ. ಮೂಲ ಎಲ್ಲಿ ಅಂದ್ರೆ ಮಧ್ಯ ಯುರೋಪೋ ಪೂರ್ವ ಯುರೋಪೋ ಇರ್ಬೇಕು ಅನ್ನೋದು ಹೆಚ್ಚಿನೋರ ಅಂದಾಜು, ಅಂದ್ರೆ ಫ್ರಾನ್ಸಿಗೆ ಇದು ವಲಸೆ ಬಂದದ್ದು. ಕಿತ್ತಾಕಿ ಅಂತ ಮತ್ತೆ ಮತ್ತೆ ನಿಷೇಧ ಹಾಕಿದ್ರೂ ರೈತರು ಬಿಡ್ಲಿಲ್ಲ. ಯಾಕೆ ಬಿಡ್ತಾರೆ, ಹೊಟ್ಟೆಪಾಡು.

ಶಾರ್ಡನೇನ ತುಂಬಾ ವರ್ಷ ಪೀನೋದೇ ಬಿಳಿ ರೂಪ ಅನ್ಕೊಂಡಿದ್ರು, ಬಾಟ್ಲಿ ಮೇಲೆ ಪೀನೋ ಶಾರ್ಡನೇ ಅಂತ್ಲೇ ಹಾಕೋರು. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯ ಜಾನ್ ಬೋವರ್ಸ್, ಕ್ಯಾರೊಲ್ ಮೆರೆಡಿತ್ ಮತ್ತೆ ಫ್ರಾನ್ಸಿನ ಮೋಂಪೆಲಿಯೇ ವಿಜ್ಞಾನಿಗಳು ಸೇರಿ 300ಕ್ಕೂ ಹೆಚ್ಚು ತಳಿಗಳ ಡಿಎನ್‌ಎ ನೋಡಿದ್ರು, ಕೋರ್ಟಲ್ಲಿ ಮಗುವಿನ ಅಪ್ಪ ಯಾರು ಅಂತ ಪತ್ತೆ ಮಾಡೋ ತರದ್ದೇ ಟೆಸ್ಟು. 16 ತಳಿ ಪೀನೋ ಮತ್ತು ಗುವೇಗೆ ಹುಟ್ಟಿದ ಮಕ್ಕಳು! ಶಾರ್ಡನೇ, ಗಮೇ, ಅಲಿಗೊತೇ, ಮಸ್ಕಡೇ ವೈನ್ ಮಾಡೋ ಮೆಲೋಂ, ಎಲ್ಲಾ ಒಂದೇ ಮನೆ. ಇದರಲ್ಲಿ ಅವ್ವ ಯಾರು ಅಪ್ಪ ಯಾರು ಅನ್ನೋದು 2010ರಲ್ಲಿ ಗೊತ್ತಾಯ್ತು, ಎಲೆಯ ಹಸಿರು ಕಣದಲ್ಲಿರೋ ಡಿಎನ್‌ಎ ಅವ್ವನ ಕಡೆಯಿಂದ ಬರುತ್ತಲ್ಲ, ಅದನ್ನ ನೋಡಿ ಶಾರ್ಡನೇ, ಗಮೇ, ಅಲಿಗೊತೇಗೆಲ್ಲ ಗುವೇನೇ ಹೆತ್ತವಳು ಅಂತ ಹೇಳಿದ್ರು. ಪೀನೋ ಬರೀ ಪರಾಗ.

ನಂಗೆ ನಗು ಬರೋದು ಇನ್ನೊಂದಕ್ಕೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಎರಡನೇ ಫಿಲಿಪ್, ಗಮೇ ಬಳ್ಳಿ ಮಹಾ ಕೆಟ್ಟದ್ದು, ದ್ರೋಹಿ ಗಿಡ, ಎಲ್ಲಾ ಕಿತ್ತಾಕಿ ಅಂತ ಆರ್ಡರ್ ಮಾಡಿದ, ಪೀನೋ ಮರ್ಯಾದೆ ಉಳಿಸೋಕೆ. ಪಾಪ, ಅದು ಪೀನೋದೇ ಮಗ ಅಂತ ಅವನಿಗೆ ಯಾರು ಹೇಳ್ಬೇಕಿತ್ತು.

ಇಷ್ಟೊಂದು ಮಕ್ಕಳು ಯಾಕೆ ಗಟ್ಟಿಯಾದ್ವು ಅಂದ್ರೆ, ಪೀನೋಗೂ ಗುವೇಗೂ ರಕ್ತಸಂಬಂಧ ತೀರಾ ದೂರ, ಅದಕ್ಕೇ ಅಂತಾರೆ ವಿಜ್ಞಾನಿಗಳು. ಮಂಡ್ಯ ಕಡೆಯೋರಿಗೆ ದೂರದ ನೆಂಟಸ್ತಿಕೆ ಅಂದ್ರೆ ಏನು ಅಂತ ವಿವರಿಸ್ಬೇಕಿಲ್ಲ, ನಮ್ಮ ರಾಗಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ಮಾಡಿದ್ರಲ್ಲ. ಆದ್ರೆ ಅವರು ಬೇಕಂತ್ಲೇ ಮಾಡಿದ್ದು, ಫ್ರಾನ್ಸಲ್ಲಿ ಗಾಳಿಗೆ ಆಗಿದ್ದು. ದ್ರಾಕ್ಷಿ ಬೀಜ ಹಾಕಿದ್ರೆ ಪ್ರತಿ ಬೀಜಾನೂ ಬೇರೆ ಗಿಡವೇ, ಅಂದ್ಮೇಲೆ ತೋಟದ ಅಂಚಲ್ಲಿ ತಾನಾಗೇ ಹುಟ್ಟಿದ ಒಂದು ಸಸಿನ ಯಾರೋ ಒಬ್ಬ ಕೀಳದೆ ಬಿಟ್ಟು, ಹಣ್ಣು ತಿಂದು ನೋಡಿ, ಕಡ್ಡಿ ಕತ್ತರಿಸಿ ನೆಟ್ಟಿದಾನೆ. ಇವತ್ತಿನ ಎಲ್ಲಾ ಶಾರ್ಡನೇನೂ ಆ ಒಂದು ಗಿಡದ ಕಡ್ಡಿಯಿಂದ ಬಂದಿದ್ದೇ. ರಾಯಲ್ ಅಂತೆ!

ಗುವೇ ಈಗ ಫ್ರಾನ್ಸಿನ ತೋಟಗಳಲ್ಲಿ ಹುಡುಕಿದ್ರೂ ಸಿಗೋದು ಕಷ್ಟ, ತಳಿ ಸಂಗ್ರಹಾಲಯದಲ್ಲಿ ಜೋಪಾನ ಮಾಡಿದಾರೆ. ಸ್ವಿಟ್ಜರ್ಲೆಂಡಿನ ವಾಲೇ ಕಣಿವೇಲಿ ಗ್ವೆಸ್ ಅನ್ನೋ ಹೆಸರಲ್ಲಿ ಒಂದಿಷ್ಟು, ಆಸ್ಟ್ರೇಲಿಯಾದ ರದರ್‌ಗ್ಲೆನ್‌ನಲ್ಲಿ ಒಂದಿಷ್ಟು ಹಳೇ ಬಳ್ಳಿ, ವೈನೂ ಮಾಡ್ತಾರೆ.

ಊಟದ ಕೊನೇಲಿ ಅವರು, ಹಂಗಾದ್ರೆ ಆ ಗುವೇ ರುಚಿ ಹೆಂಗಿರುತ್ತೆ ಅಂತ ಕೇಳಿದ್ರು. ನಾನೂ ಕುಡಿದಿಲ್ಲ ಸಾರ್, ಹುಳಿ ಅಂತೆ ಅಂದೆ. ಸ್ವಿಟ್ಜರ್ಲೆಂಡಲ್ಲಿರೋ ಫ್ರೆಂಡ್ಸ್ ಯಾರಾದ್ರೂ ಇದನ್ನ ಓದ್ತಿದ್ರೆ ಊರಿಗೆ ಬರುವಾಗ ಒಂದು ಬಾಟ್ಲಿ ತನ್ನಿ, ದುಡ್ಡು ಕೊಡ್ತೀನಿ.